ಗಣಿತ ಒಂದೇ ಬಾಕಿ: ದ್ವಿತೀಯ ಪಿಯುಸಿ ಮುಗಿಸುವ ದಾರಿಗಳ ಒಂದು ಪ್ರಕರಣ ಅಧ್ಯಯನ

2024ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಮೂರು ವಿಷಯಗಳಲ್ಲಿ ಅನುತ್ತೀರ್ಣಳಾದ ಹುಡುಗಿಯೊಬ್ಬಳು 2025ರಲ್ಲಿ ನರ್ಸಿಂಗ್ ಕಾಲೇಜು ಸೇರುವವರೆಗಿನ ಪ್ರಕರಣ ಇದು. ಗುರುತು ಸಿಗದಿರಲೆಂದು ಊರು, ಕಾಲೇಜು, ಮನೆಯ ಕೆಲವು ವಿವರಗಳು ಮತ್ತು ಒಂದೆರಡು ಅಂಕಗಳನ್ನು ಬದಲಿಸಲಾಗಿದೆ. ಪರೀಕ್ಷೆಯ ದಿನಾಂಕಗಳು ಮತ್ತು ನಿಯಮಗಳು ಆಯಾ ಸಾಲಿನವು.

ಹಿನ್ನೆಲೆ

ತಾಲ್ಲೂಕು ಕೇಂದ್ರದ ಒಂದು ಪಿಯು ಕಾಲೇಜು. ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 78 ತೆಗೆದಿದ್ದಳು. ನರ್ಸ್ ಆಗಬೇಕೆಂಬ ಆಸೆ ಆಗಲೇ ಇತ್ತು. ಬಿ.ಎಸ್ಸಿ. ನರ್ಸಿಂಗ್‌ಗೆ ಬೇಕಾದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್. ಗಣಿತ ಬೇಕಿಲ್ಲ. ಗಣಿತದ ಬದಲು ಗೃಹವಿಜ್ಞಾನ ಇರುವ ವಿಜ್ಞಾನ ಸಂಯೋಜನೆಗಳು ರಾಜ್ಯದಲ್ಲಿ ಇವೆ. ಆದರೆ ಅವಳ ಕಾಲೇಜಿನಲ್ಲಿ ಇದ್ದದ್ದು ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಒಂದೇ. ಬೇರೆ ಊರಿನ ಹಾಸ್ಟೆಲಿಗೆ ಕಳಿಸಲು ಮನೆಯವರು ಒಪ್ಪಲಿಲ್ಲ. ಮುಂದಿನ ಎಲ್ಲ ತೊಡಕಿನ ಬೇರು ಈ ಸಂಯೋಜನೆಯಲ್ಲಿತ್ತು. ಆಗ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳು ಇಂಗ್ಲಿಷ್ ಪದಗಳ ಜೊತೆ ಗುದ್ದಾಟದಲ್ಲೇ ಕಳೆದವು. ಜೀವಶಾಸ್ತ್ರ ಹೇಗೋ ಒಲಿಯಿತು, ಭೌತಶಾಸ್ತ್ರ ಮತ್ತು ಗಣಿತ ಒಲಿಯಲಿಲ್ಲ. ದ್ವಿತೀಯ ವರ್ಷದ ನವೆಂಬರ್‌ನಲ್ಲಿ ತಂದೆಗೆ ಅಪಘಾತವಾಯಿತು. ಆರು ವಾರ ಜಿಲ್ಲಾಸ್ಪತ್ರೆಯಲ್ಲಿ ಅವರ ಜೊತೆ ನಿಂತವಳು ಇವಳೇ. ಹಾಜರಾತಿ ಶೇ. 77ಕ್ಕೆ ಇಳಿಯಿತು. ಇನ್ನು ಮೂರು ಇಳಿದಿದ್ದರೆ ಪ್ರವೇಶಪತ್ರವೇ ಸಿಗುತ್ತಿರಲಿಲ್ಲ. ಉಪನ್ಯಾಸಕರೊಬ್ಬರು ಡಿಸೆಂಬರ್‌ನಲ್ಲೇ ಲೆಕ್ಕ ಹಾಕಿ ಫೋನ್ ಮಾಡಿ ಕರೆಸಿದ್ದರಿಂದ ಅಷ್ಟಾದರೂ ಉಳಿಯಿತು. ಆ ಒಂದು ಫೋನ್ ಕರೆ ಇಲ್ಲದಿದ್ದರೆ ಈ ಪ್ರಕರಣ ಬೇರೆಯೇ ಆಗಿರುತ್ತಿತ್ತು.

ಫಲಿತಾಂಶ, ಮತ್ತು ಅದನ್ನು ಓದಿದ ರೀತಿ

2023-24ನೇ ಸಾಲಿನಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ವಾರ್ಷಿಕ ಪರೀಕ್ಷೆ, ಪೂರಕ ಪರೀಕ್ಷೆ ಎಂಬ ಹೆಸರುಗಳನ್ನು ಕೈಬಿಟ್ಟು ಪರೀಕ್ಷೆ-1, 2, 3 ಎಂದು ಮೂರು ಅವಕಾಶಗಳನ್ನು ಕೊಟ್ಟಿತು. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದೇ ಉಳಿಯುತ್ತಿತ್ತು. ಪರೀಕ್ಷೆ-1ರ ಫಲಿತಾಂಶ 2024ರ ಏಪ್ರಿಲ್ 10ರಂದು ಬಂತು.

ಕನ್ನಡ 71, ಇಂಗ್ಲಿಷ್ 54, ಜೀವಶಾಸ್ತ್ರ 58: ಮೂರೂ ಪಾಸು. ಭೌತಶಾಸ್ತ್ರ 41, ರಸಾಯನಶಾಸ್ತ್ರ 45, ಗಣಿತ 29: ಮೂರೂ ಫೇಲು. ಮೊಬೈಲಿನಲ್ಲಿ ಇದನ್ನು ನೋಡಿದ ಸೋದರಮಾವ ಕೇಳಿದ ಪ್ರಶ್ನೆ ಸಾವಿರಾರು ಮನೆಗಳಲ್ಲಿ ಕೇಳಿಬರುವಂಥದ್ದು: "ಮೂವತ್ತೈದಕ್ಕೆ ಪಾಸು ಅಂತಾರೆ, ನಲವತ್ತೊಂದು ಬಂದಿದೆಯಲ್ಲ, ಫೇಲ್ ಹೇಗಾಯ್ತು?"

ಉತ್ತರ ಅಂಕಗಳ ಒಳಗಿತ್ತು. ಪ್ರಾಯೋಗಿಕ ಇರುವ ವಿಷಯಗಳಲ್ಲಿ ಲಿಖಿತ ಪರೀಕ್ಷೆ 70 ಅಂಕಕ್ಕೆ, ಪ್ರಾಯೋಗಿಕ 30ಕ್ಕೆ. ಆ ಸಾಲಿನ ನಿಯಮದಂತೆ ಒಟ್ಟು 35 ಬಂದರೆ ಸಾಲದು, ಲಿಖಿತದಲ್ಲೇ ಕನಿಷ್ಠ 21 ಬರಬೇಕು. ಭೌತಶಾಸ್ತ್ರದಲ್ಲಿ ಅವಳಿಗೆ ಲಿಖಿತದಲ್ಲಿ 14, ಪ್ರಾಯೋಗಿಕದಲ್ಲಿ 27 ಬಂದಿತ್ತು. ರಸಾಯನಶಾಸ್ತ್ರದಲ್ಲಿ 17 ಮತ್ತು 28. ಗಣಿತದಲ್ಲಿ ಲಿಖಿತ 80ಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ, ಲಿಖಿತದ ಕನಿಷ್ಠ 24. ಅವಳಿಗೆ ಬಂದದ್ದು 11 ಮತ್ತು 18.

ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ಮನೆಯವರ ಮುಂದಿಟ್ಟಾಗ ಮಾತಿನ ದಿಕ್ಕೇ ಬದಲಾಯಿತು. ಪ್ರಾಯೋಗಿಕ ಮತ್ತು ಆಂತರಿಕ ಅಂಕಗಳು ಹಾಗೇ ಮುಂದಕ್ಕೆ ಬರುತ್ತವೆ. ಹಾಗಾಗಿ ಕೊರತೆ ಭೌತಶಾಸ್ತ್ರದಲ್ಲಿ 7, ರಸಾಯನಶಾಸ್ತ್ರದಲ್ಲಿ 4, ಗಣಿತದಲ್ಲಿ 13 ಅಂಕ. "ಮೂರು ಸಬ್ಜೆಕ್ಟ್ ಹೋಯಿತು" ಎಂದಾಗ ಆಗುವ ಭಯವೇ ಬೇರೆ, "ಇಪ್ಪತ್ತನಾಲ್ಕು ಅಂಕ ಬೇಕು" ಎಂದಾಗ ಎದುರಿಗೆ ಕಾಣುವ ಕೆಲಸವೇ ಬೇರೆ.

ಆ ವಾರ ಮನೆಗೆ ಬಂದ ಸಲಹೆಗಳು

ಚಿಕ್ಕಮ್ಮ ಗಾರ್ಮೆಂಟ್ಸ್‌ನಲ್ಲಿ ಕೆಲಸ ಕೊಡಿಸುವುದಾಗಿ ಹೇಳಿದರು. ಪಕ್ಕದ ಮನೆಯವರು ಎಸ್‌ಎಸ್‌ಎಲ್‌ಸಿ ಅಂಕಗಳ ಮೇಲೆ ಡಿಪ್ಲೊಮಾಗೆ ಸೇರಿಸಿ ಎಂದರು. ಮಾವ ಐಟಿಐ ಎಂದರು. ಕೊನೆಯ ಎರಡೂ ಒಳ್ಳೆಯ ದಾರಿಗಳೇ. ಯಂತ್ರ, ವಿದ್ಯುತ್ತಿನ ಕೆಲಸದಲ್ಲಿ ಆಸಕ್ತಿ ಇರುವ ಮಗುವಿಗೆ ಪಾಲಿಟೆಕ್ನಿಕ್‌ನ ಮೂರು ವರ್ಷ ಪಿಯುಸಿಯಷ್ಟೇ ಘನವಾದದ್ದು, ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಆದರೆ ಈ ಹುಡುಗಿಗೆ ಬೇಕಿದ್ದದ್ದು ನರ್ಸಿಂಗ್. ಆ ಬಾಗಿಲು ಡಿಪ್ಲೊಮಾದಿಂದಾಗಲಿ ಐಟಿಐಯಿಂದಾಗಲಿ ತೆರೆಯುವುದಿಲ್ಲ. ಜಿಎನ್ಎಂ ಎಂಬ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾಗೆ ಯಾವ ವಿಭಾಗದ ಪಿಯುಸಿಯಾದರೂ ಸರಿ, ಇಂಗ್ಲಿಷ್‌ನಲ್ಲಿ ಮತ್ತು ಒಟ್ಟಾರೆಯಲ್ಲಿ ಶೇ. 40 ಬೇಕು. ಬಿ.ಎಸ್ಸಿ. ನರ್ಸಿಂಗ್‌ಗೆ ಭೌತ-ರಸಾಯನ-ಜೀವಶಾಸ್ತ್ರ ಸೇರಿ ಶೇ. 45 ಬೇಕು, ಪರಿಶಿಷ್ಟರಿಗೆ ಶೇ. 40. ಎರಡಕ್ಕೂ ಪಿಯುಸಿ ಪೂರ್ತಿ ಪಾಸಾಗಿರಲೇಬೇಕು.

ಸ್ವಾರಸ್ಯವೆಂದರೆ, ಫೇಲಾದ ಅಂಕಪಟ್ಟಿಯಲ್ಲೇ ಅವಳ ಮೂರು ವಿಜ್ಞಾನ ವಿಷಯಗಳ ಮೊತ್ತ 144 ಇತ್ತು, ಅಂದರೆ ಶೇ. 48. ಶೇಕಡಾವಾರು ಅಡ್ಡಿಯಾಗಿರಲೇ ಇಲ್ಲ.

ಇವೆಲ್ಲದರ ನಡುವೆ ಮಧ್ಯವರ್ತಿಯೊಬ್ಬ ಬಂದ. ಮೂವತ್ತೈದು ಸಾವಿರ ಕೊಟ್ಟರೆ ಎರಡು ತಿಂಗಳಲ್ಲಿ ಬೇರೆ ರಾಜ್ಯದ ಮಂಡಳಿಯೊಂದರಿಂದ ಹನ್ನೆರಡನೆಯ ತರಗತಿಯ ಅಂಕಪಟ್ಟಿ ತರಿಸಿಕೊಡುವುದಾಗಿ ಹೇಳಿದ. ಪರೀಕ್ಷೆ ಎಲ್ಲಿ ಎಂದು ಕೇಳಿದರೆ "ಅದೆಲ್ಲ ನಾವು ನೋಡ್ಕೋತೀವಿ" ಎಂದ. ಮನೆಯವರು ಹಣ ಹೊಂದಿಸಲು ಹೊರಟಿದ್ದರು. ಇದನ್ನು ತಡೆದದ್ದು ಒಂದೇ ಒಂದು ವಿಚಾರಣೆ: ನರ್ಸಿಂಗ್ ಕಾಲೇಜಿನ ಪ್ರವೇಶ ವಿಭಾಗಕ್ಕೆ ಹೋಗಿ ಆ ಮಂಡಳಿಯ ಹೆಸರು ಹೇಳಿ ಕೇಳಿದ್ದು. ಹೊರ ಮಂಡಳಿಯ ಅಂಕಪಟ್ಟಿ ಪರಿಶೀಲನೆಗೆ ಹೋಗುತ್ತದೆ, ಅಲ್ಲಿ ತಿರಸ್ಕೃತವಾದರೆ ಸೇರಿದ ಮೇಲೂ ಸೀಟು ಹೋಗುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಪರೀಕ್ಷೆ ಬರೆಯದೆ ಬರುವ ಅಂಕಪಟ್ಟಿ ಯಾವುದೇ ಇರಲಿ, ಅದು ಅಪರಾಧದ ಕಾಗದ. ಅದನ್ನು ಮುಟ್ಟಿದ ಮಕ್ಕಳ ಬದುಕು ಮೂರ್ನಾಲ್ಕು ವರ್ಷಗಳ ನಂತರ ಕುಸಿಯುತ್ತದೆ.

ಆ ವಾರದ ಇನ್ನೊಂದು ನಿರ್ಧಾರ ಚಿಕ್ಕದಾಗಿ ಕಂಡರೂ ಕೊನೆಯವರೆಗೆ ಕಾಯ್ದದ್ದು: ವರ್ಗಾವಣೆ ಪತ್ರ ತೆಗೆದುಕೊಳ್ಳಲಿಲ್ಲ. ಪುನರಾವರ್ತಿತ ಅಭ್ಯರ್ಥಿ ಪರೀಕ್ಷೆಯ ಅರ್ಜಿ ತುಂಬುವುದು ತಾನು ಓದಿದ ಕಾಲೇಜಿನ ಮೂಲಕವೇ. ಸಿಟ್ಟಿನಲ್ಲೋ ನಾಚಿಕೆಯಲ್ಲೋ ಟಿಸಿ ತೆಗೆದುಕೊಂಡು ಹೋದವರು ಅರ್ಜಿಯ ದಿನಾಂಕಗಳ ಸುದ್ದಿಯಿಂದಲೇ ದೂರವಾಗುತ್ತಾರೆ.

ಮೊದಲ ಯತ್ನ: ಪರೀಕ್ಷೆ-2

ಫಲಿತಾಂಶದಿಂದ ಪರೀಕ್ಷೆ-2ಕ್ಕೆ ಇದ್ದದ್ದು 19 ದಿನ. ಏಪ್ರಿಲ್ 29ಕ್ಕೆ ಶುರು. ಮೂರಕ್ಕೂ ಅರ್ಜಿ ಹಾಕಲಾಯಿತು. ಅದು ಸರಿಯೇ, ಕಡಿಮೆ ಬಂದರೂ ಕಳೆದುಕೊಳ್ಳುವುದೇನಿಲ್ಲ. ತಪ್ಪಾದದ್ದು ಓದನ್ನು ಹಂಚಿದ ರೀತಿ. ದಿನಕ್ಕೆ ಒಂಬತ್ತು ಗಂಟೆಯಲ್ಲಿ ನಾಲ್ಕು ಗಂಟೆ ಗಣಿತಕ್ಕೆ ಹೋಯಿತು, ಏಕೆಂದರೆ ಅದೇ ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತಿತ್ತು. ಮೇ 21ರಂದು ಬಂದ ಫಲಿತಾಂಶದಲ್ಲಿ ರಸಾಯನಶಾಸ್ತ್ರ ಲಿಖಿತ 26, ಒಟ್ಟು 54, ಪಾಸು. ಭೌತಶಾಸ್ತ್ರ 19. ಗಣಿತ 12.

ಭೌತಶಾಸ್ತ್ರ ಎರಡೇ ಅಂಕಕ್ಕೆ ತಪ್ಪಿತ್ತು. ಮನೆಯಲ್ಲಿ ಮರುಮೌಲ್ಯಮಾಪನದ ಮಾತು ಬಂತು. ಅದಕ್ಕೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಲೇಬೇಕು. ಆಗ ಪ್ರತಿಗೆ ವಿಷಯವೊಂದಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670. ಪ್ರತಿ ಮಾತ್ರ ತರಿಸಿ ಉಪನ್ಯಾಸಕರ ಜೊತೆ ಕೂತು ನೋಡಿದರೆ ಅಂಕ ಕೊಟ್ಟದ್ದರಲ್ಲಿ ತಪ್ಪಿರಲಿಲ್ಲ. ಹಾಗಾಗಿ 1,670 ಉಳಿಯಿತು. ಆದರೆ 530 ರೂಪಾಯಿ ಈ ಇಡೀ ಪ್ರಕರಣದಲ್ಲಿ ಅತ್ಯಂತ ಚೆನ್ನಾಗಿ ಖರ್ಚಾದ ಹಣ ಎಂದು ಹೇಳಬೇಕು. ಏನು ತಪ್ಪುತ್ತಿದೆ ಎಂಬುದು ಮೊದಲ ಬಾರಿಗೆ ಅಲ್ಲಿ ಕಂಡಿತು.

‘ಎ’ ವಿಭಾಗದಲ್ಲಿ ಒಂದು ಅಂಕದ 20 ಪ್ರಶ್ನೆಗಳು: 15 ಬಹುಆಯ್ಕೆ, 5 ಬಿಟ್ಟ ಸ್ಥಳ. ಅವಳು ನಾಲ್ಕು ಕಡೆ ಮೊದಲು ತಪ್ಪು ಬರೆದು, ನಂತರ ಕೊನೆಯ ಪುಟದಲ್ಲಿ ಸರಿ ಉತ್ತರ ಬರೆದಿದ್ದಳು. ಈ ವಿಭಾಗದಲ್ಲಿ ಮೊದಲು ಬರೆದ ಉತ್ತರವನ್ನಷ್ಟೇ ಪರಿಗಣಿಸುವುದಾಗಿ ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ ಇದೆ. ನಾಲ್ಕು ಅಂಕ ಅಲ್ಲೇ ಹೋಗಿತ್ತು. ಐದು ಅಂಕದ ನಿಷ್ಪತ್ತಿ (ಡೆರಿವೇಶನ್) ಒಂದರಲ್ಲಿ ಹೆಜ್ಜೆಗಳೆಲ್ಲ ಇದ್ದವು, ಚಿತ್ರ ಇರಲಿಲ್ಲ, ಅಕ್ಷರಗಳು ಏನನ್ನು ಸೂಚಿಸುತ್ತವೆ ಎಂಬ ಸಾಲೂ ಇರಲಿಲ್ಲ. ಲೆಕ್ಕಗಳಲ್ಲಿ ಉತ್ತರ ಸರಿಯಿದ್ದರೂ ಏಕಮಾನ ಬಿಟ್ಟುಹೋಗಿತ್ತು. ಅವಳಿಗೆ ಗೊತ್ತಿದ್ದ ಭೌತಶಾಸ್ತ್ರ 21 ಅಂಕಕ್ಕಿಂತ ಹೆಚ್ಚೇ ಇತ್ತು, ಬರೆಯುವ ಕ್ರಮ ಇರಲಿಲ್ಲ.

ಎರಡನೆಯ ಯತ್ನ: ಪರೀಕ್ಷೆ-3

ಜೂನ್ 24ಕ್ಕೆ ಪರೀಕ್ಷೆ-3. ನಡುವೆ 34 ದಿನ. ಈ ಸಲ ತೀರ್ಮಾನ ಹೀಗಾಯಿತು: ಎರಡೂ ವಿಷಯಕ್ಕೆ ಅರ್ಜಿ, ಓದು ಮಾತ್ರ ಮುಕ್ಕಾಲು ಪಾಲು ಭೌತಶಾಸ್ತ್ರಕ್ಕೆ. ಹುಡುಗಿಗೆ ಇದು ಒಪ್ಪಿಗೆಯಾಗಲಿಲ್ಲ. "ಗಣಿತ ಬಿಟ್ಟರೆ ಮತ್ತೆ ಒಂದು ವರ್ಷ ಹೋಗುತ್ತಲ್ಲ ಸರ್" ಎಂದು ಅತ್ತಳು. ಆ ಮಾತಿನಲ್ಲಿ ಹುರುಳಿತ್ತು. ಆದರೆ ಹನ್ನೆರಡರಿಂದ ಇಪ್ಪತ್ತನಾಲ್ಕಕ್ಕೆ ಐದು ವಾರದಲ್ಲಿ ಏರುವ ಸಾಧ್ಯತೆ ಕಡಿಮೆ, ಹತ್ತೊಂಬತ್ತರಿಂದ ಇಪ್ಪತ್ತೊಂದಕ್ಕೆ ಏರುವುದು ಹೆಚ್ಚೂಕಡಿಮೆ ಖಚಿತ. ಎರಡರ ನಡುವೆ ಓದು ಹಂಚಿದರೆ ಎರಡೂ ಕೈತಪ್ಪುವ ಅಪಾಯ ಪರೀಕ್ಷೆ-2ರಲ್ಲೇ ಕಂಡಾಗಿತ್ತು.

ದಿನಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟುಕೊಂಡು. ‘ಎ’ ವಿಭಾಗವನ್ನು ಮೊದಲು ಪೆನ್ಸಿಲಿನಲ್ಲಿ ಪ್ರಶ್ನೆಪತ್ರಿಕೆಯ ಮೇಲೆ ಗುರುತಿಸಿ, ಖಚಿತವಾದ ಮೇಲೆ ಮಾತ್ರ ಉತ್ತರ ಪತ್ರಿಕೆಗೆ ಇಳಿಸುವ ಅಭ್ಯಾಸ. ಹತ್ತು ನಿಷ್ಪತ್ತಿಗಳು ಚಿತ್ರಸಹಿತ, ಪ್ರತಿಯೊಂದೂ ಕನಿಷ್ಠ ಐದು ಸಲ ಬರೆದು. ಜುಲೈ 16ರ ಫಲಿತಾಂಶ: ಭೌತಶಾಸ್ತ್ರ ಲಿಖಿತ 29, ಒಟ್ಟು 56. ಗಣಿತ 19. ಕಾಲು ಪಾಲು ಓದಿನಲ್ಲೇ ಗಣಿತ ಏಳು ಅಂಕ ಏರಿತ್ತು.

ಉಳಿದದ್ದು ಗಣಿತ ಒಂದೇ, ಅದರಲ್ಲೂ ಐದು ಅಂಕ. ಆ ಸಾಲಿನ ಮೂರೂ ಅವಕಾಶ ಮುಗಿದಿದ್ದವು.

ಎನ್‌ಐಒಎಸ್‌ಗೆ ಹೋಗುವುದೋ ಬೇಡವೋ

ಈ ಪ್ರಕರಣದ ನಿಜವಾದ ಕವಲು ಇದು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್) 1989ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು, ಅದರ ಹನ್ನೆರಡನೆಯ ತರಗತಿಯ ಪ್ರಮಾಣಪತ್ರಕ್ಕೆ ದೇಶದೆಲ್ಲೆಡೆ ಮಾನ್ಯತೆ ಇದೆ. ನರ್ಸಿಂಗ್ ಪ್ರವೇಶಕ್ಕೂ ಅದು ನಡೆಯುತ್ತದೆ. ಐದು ವಿಷಯ ಪಾಸಾದರೆ ಸಾಕು, ಅದರಲ್ಲಿ ಒಂದು ಭಾಷೆ ಇರಬೇಕು. ಗಣಿತ ಕಡ್ಡಾಯವಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಎಂದು ವರ್ಷಕ್ಕೆ ಎರಡು ಸಾರ್ವಜನಿಕ ಪರೀಕ್ಷೆ. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಒಂದೊಂದಾಗಿ ವಿಷಯ ಮುಗಿಸುತ್ತ ಹೋಗಬಹುದು. ಪಾಸಾಗಲು ಶೇ. 33, ಲಿಖಿತ ಮತ್ತು ಪ್ರಾಯೋಗಿಕದಲ್ಲಿ ಪ್ರತ್ಯೇಕವಾಗಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಮಂಡಳಿಯಲ್ಲಿ ಪಾಸಾದ ವಿಷಯಗಳಲ್ಲಿ ಎರಡರ ಅಂಕಗಳನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು.

ಎರಡು ಎಂಬ ಮಿತಿಯ ಮೇಲೆ ಎಲ್ಲ ಲೆಕ್ಕ ನಿಂತಿದೆ. ಅವಳು ಪಿಯುಸಿಯಲ್ಲಿ ಪಾಸಾದದ್ದು ಐದು ವಿಷಯ. ಎನ್‌ಐಒಎಸ್‌ಗೆ ಹೋದರೆ ಎರಡು ಮಾತ್ರ ಜೊತೆಗೆ ಬರುತ್ತವೆ, ಉಳಿದ ಮೂರನ್ನು ಮತ್ತೆ ಬರೆಯಬೇಕು. ಯಾವ ಎರಡು? ಮೊದಲಿಗೆ ಮನೆಯವರು ಹೆಚ್ಚು ಅಂಕ ಬಂದವುಗಳನ್ನು, ಅಂದರೆ ಕನ್ನಡ ಮತ್ತು ಜೀವಶಾಸ್ತ್ರವನ್ನು ವರ್ಗಾಯಿಸೋಣ ಎಂದರು. ಅದು ಉಲ್ಟಾ. ವರ್ಗಾಯಿಸಬೇಕಾದದ್ದು ಮತ್ತೆ ಬರೆಯಲು ಕಷ್ಟವಾದವುಗಳನ್ನು: ಭೌತಶಾಸ್ತ್ರ, ರಸಾಯನಶಾಸ್ತ್ರ. ಆಗ ಹೊಸದಾಗಿ ಬರೆಯುವುದು ಇಂಗ್ಲಿಷ್, ಜೀವಶಾಸ್ತ್ರ, ಜೊತೆಗೆ ಗೃಹವಿಜ್ಞಾನ ಅಥವಾ ಡೇಟಾ ಎಂಟ್ರಿ ಆಪರೇಷನ್ಸ್‌ನಂಥ ಐದನೆಯ ವಿಷಯ. ಡೇಟಾ ಎಂಟ್ರಿಯಲ್ಲಿ ಲಿಖಿತಕ್ಕಿಂತ ಪ್ರಾಯೋಗಿಕಕ್ಕೇ ಹೆಚ್ಚು ಅಂಕ.

ಕಾಗದದ ಮೇಲೆ ಸೊಗಸಾಗಿ ಕಂಡಿತು. ಆದರೆ ಎನ್‌ಐಒಎಸ್ ಪಠ್ಯ ಎರಡೂ ವರ್ಷಗಳ ವಿಷಯವನ್ನು ಒಟ್ಟಿಗೆ ಹಿಡಿದದ್ದು. ದ್ವಿತೀಯ ಪಿಯುಸಿ ಪತ್ರಿಕೆಯಂತೆ ಎರಡನೆಯ ವರ್ಷದ ಪಾಠಗಳಿಗೆ ಸೀಮಿತವಲ್ಲ. ಜೀವಶಾಸ್ತ್ರಕ್ಕೆ ಪ್ರಥಮ ಪಿಯುಸಿಯ ಅಧ್ಯಾಯಗಳನ್ನೂ ಮತ್ತೆ ತೆರೆಯಬೇಕು. ಪ್ರತಿ ವಿಷಯಕ್ಕೂ ಮನೆಗೆಲಸದ ನಿಯೋಜನೆಗಳಿದ್ದು ಅವಕ್ಕೆ ಶೇ. 20ರ ತೂಕ. ಅಧ್ಯಯನ ಕೇಂದ್ರ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ.

ಕೊನೆಗೆ ತೀರ್ಮಾನ ಮಾಡಿಸಿದ್ದು ಒಂದು ಕ್ಯಾಲೆಂಡರ್. ಅಕ್ಟೋಬರ್-ನವೆಂಬರ್ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ 2024-25ರ ನರ್ಸಿಂಗ್ ಪ್ರವೇಶ ಮುಗಿದಿರುತ್ತದೆ. ಎನ್‌ಐಒಎಸ್‌ನಲ್ಲಿ ಪಾಸಾದರೂ ಸೀಟು 2025ಕ್ಕೇ. ಪಿಯುಸಿಯಲ್ಲೇ ಉಳಿದು 2025ರ ಮಾರ್ಚ್‌ನಲ್ಲಿ ಗಣಿತ ಒಂದನ್ನೇ ಬರೆದರೂ ಸೀಟು 2025ಕ್ಕೇ. ಒಂದು ಕಡೆ ಮೂರು ವಿಷಯ, ಹೊಸ ಪಠ್ಯ, ಹೊಸ ಮಂಡಳಿಯ ಕಾಗದಪತ್ರ. ಇನ್ನೊಂದು ಕಡೆ ಒಂದು ವಿಷಯ, ಐದು ಅಂಕ, ಎಂಟು ತಿಂಗಳು. ಸಡಿಲ ಅನ್ನಿಸಿದ ದಾರಿ ಇವಳ ಪಾಲಿಗೆ ಭಾರದ ದಾರಿಯಾಗಿತ್ತು. ಆ ಚಳಿಗಾಲದಲ್ಲೇ ಪ್ರಮಾಣಪತ್ರ ಹಿಡಿದು ಕೆಲಸಕ್ಕೆ ಅರ್ಜಿ ಹಾಕಬೇಕಾದವರಿಗೆ, ಅಥವಾ ಗಣಿತದಲ್ಲಿ ಐದಾರು ಅಂಕ ದಾಟದವರಿಗೆ ಇದೇ ಲೆಕ್ಕ ತಿರುಗಿ ಎನ್‌ಐಒಎಸ್ ಕಡೆಗೆ ವಾಲುತ್ತಿತ್ತು.

ಆದರೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಆಗಸ್ಟ್ ಕೊನೆಗೆ ಒಂದು ಅಣಕು ಪರೀಕ್ಷೆ, ಅದರಲ್ಲಿ 18ಕ್ಕಿಂತ ಕಡಿಮೆ ಬಂದರೆ ಸೆಪ್ಟೆಂಬರ್ ಮೊದಲ ವಾರದಲ್ಲೇ ಮುಂದಿನ ಏಪ್ರಿಲ್ ಪರೀಕ್ಷೆಗಾಗಿ ಎನ್‌ಐಒಎಸ್ ಪ್ರವೇಶ ಎಂದು ಮೊದಲೇ ಬರೆದಿಡಲಾಯಿತು. ಅವಳಿಗೆ 20 ಬಂತು.

ಎಂಟು ತಿಂಗಳ ಗಣಿತ

ಹುಡುಗಿ ಬೆಳಿಗ್ಗೆ ನಾಲ್ಕು ಗಂಟೆ ಮೆಡಿಕಲ್ ಸ್ಟೋರ್ ಒಂದರಲ್ಲಿ ಸಹಾಯಕಿಯಾಗಿ ಕೆಲಸಕ್ಕೆ ಹೋದಳು. ಮನೆಗೆ ಒಂದಿಷ್ಟು ಹಣವೂ ಆಯಿತು, "ಸುಮ್ಮನೆ ಕೂತಿದ್ದಾಳೆ" ಎಂಬ ಮಾತೂ ನಿಂತಿತು. ವಾರಕ್ಕೆ ಮೂರು ಸಂಜೆ ನಿವೃತ್ತ ಶಿಕ್ಷಕರೊಬ್ಬರ ಬಳಿ ತಲಾ ಎರಡು ಗಂಟೆ ಪಾಠ.

ಮೊದಲ ಆರು ವಾರ ಅವರು ಪಿಯುಸಿ ಪುಸ್ತಕವನ್ನೇ ತೆರೆಯಲಿಲ್ಲ. ಋಣ ಚಿಹ್ನೆಯ ಭಿನ್ನರಾಶಿ, ಅಪವರ್ತನ, ಸಮೀಕರಣದಲ್ಲಿ ಪದವನ್ನು ಆಚೆ ದಾಟಿಸುವುದು, ತ್ರಿಕೋನಮಿತಿಯ ಬೆಲೆಗಳು. ಅವಳ ಹಳೆಯ ಉತ್ತರಗಳಲ್ಲಿ ವಿಧಾನ ಸರಿಯಿದ್ದು ಲೆಕ್ಕ ಕೆಡುತ್ತಿದ್ದದ್ದು ಇಲ್ಲೇ.

ಆಮೇಲೆ ಅಧ್ಯಾಯಗಳ ಆಯ್ಕೆ. ಐದು ಅಂಕದ ಪ್ರಶ್ನೆಗಳಲ್ಲಿ ಎರಡು ಸಾಮಾನ್ಯವಾಗಿ ಮ್ಯಾಟ್ರಿಕ್ಸ್ ಮತ್ತು ಡಿಟರ್ಮಿನೆಂಟ್‌ನಿಂದ ಬರುತ್ತವೆ, ಒಂದರಲ್ಲಿ ಮೂರು ಸಮೀಕರಣಗಳನ್ನು ಮ್ಯಾಟ್ರಿಕ್ಸ್ ವಿಧಾನದಿಂದ ಬಿಡಿಸುವುದು. ‘ಇ’ ವಿಭಾಗದಲ್ಲಿ ಆರು ಅಂಕಕ್ಕೆ ರೇಖಾತ್ಮಕ ಪ್ರೋಗ್ರಾಮಿಂಗ್ ಅಥವಾ ಅನುಕಲನದ ಒಂದು ಸಾಧನೆ, ನಾಲ್ಕು ಅಂಕಕ್ಕೆ ಮ್ಯಾಟ್ರಿಕ್ಸ್ ಅಥವಾ ಅವಿಚ್ಛಿನ್ನತೆಯ ಲೆಕ್ಕ. ಇಷ್ಟೇ ಸೇರಿದರೆ 20 ಅಂಕ. ‘ಎ’ ವಿಭಾಗದ ಇಪ್ಪತ್ತರಲ್ಲಿ ಎಂಟು ಬಂದರೂ 28. ಸದಿಶ, ಸಂಭವನೀಯತೆ, ಮೂರು ಆಯಾಮದ ರೇಖಾಗಣಿತದ ಸಣ್ಣ ಪ್ರಶ್ನೆಗಳು ಮೇಲಿನ ರಕ್ಷಣೆ. ಅನುಕಲನದ ಉದ್ದದ ಲೆಕ್ಕಗಳನ್ನು ಪೂರ್ತಿ ಕೈಬಿಡಲಾಯಿತು. ಗಣಿತವನ್ನು ಪ್ರೀತಿಸುವವರಿಗೆ ಇದು ನೋವಿನ ಆಯ್ಕೆ. ಆ ಶಿಕ್ಷಕರಿಗೂ ನೋವಿತ್ತು, ಆದರೂ ಒಪ್ಪಿಕೊಂಡರು.

ಡಿಸೆಂಬರ್‌ನಲ್ಲಿ ಒಂದು ಹಿನ್ನಡೆ. ಪರೀಕ್ಷೆಯ ಅರ್ಜಿ ತುಂಬುವ ಸುದ್ದಿ ಕಾಲೇಜಿನ ಹಾಲಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಮಾತ್ರ ಹೋಗಿತ್ತು. ಇವಳಿಗೆ ತಿಳಿದದ್ದು ಕೊನೆಯ ದಿನಕ್ಕೆ ಎರಡು ದಿನ ಮುಂಚೆ, ಅದೂ ಅಂಗಡಿಗೆ ಔಷಧಿಗೆ ಬಂದ ಕಿರಿಯ ವಿದ್ಯಾರ್ಥಿನಿಯಿಂದ. ಪುನರಾವರ್ತಿತ ಅಭ್ಯರ್ಥಿಗಳ ಪಟ್ಟಿ ಇಟ್ಟುಕೊಂಡು ಒಬ್ಬೊಬ್ಬರಿಗೂ ಕರೆ ಮಾಡುವ ಗುಮಾಸ್ತರೊಬ್ಬರು ಪ್ರತಿ ಕಾಲೇಜಿಗೂ ಬೇಕು.

ಆದದ್ದು

2025ರ ಪರೀಕ್ಷೆ-1 ಮಾರ್ಚ್ 1ರಿಂದ 20ರವರೆಗೆ ನಡೆಯಿತು, ಏಪ್ರಿಲ್ 8ರಂದು ಫಲಿತಾಂಶ. ಗಣಿತ ಲಿಖಿತ 33, ಆಂತರಿಕ 18, ಒಟ್ಟು 51. ಪಿಯುಸಿ ಮುಗಿಯಿತು. ಮೂರು ವಿಜ್ಞಾನ ವಿಷಯಗಳ ಮೊತ್ತ 168, ಶೇ. 56. ಪಾಸಾಗುವ ಮೊದಲೇ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಗೆ ಅರ್ಜಿ ಹಾಕಿಸಿದ್ದರಿಂದ ಅದೇ ತಿಂಗಳು ಸಿಇಟಿ ಬರೆದಳು. ಫಲಿತಾಂಶ ಬಂದ ಮೇಲೆ ನೋಡೋಣ ಎಂದಿದ್ದರೆ ಅರ್ಜಿಯ ಅವಧಿ ಮುಗಿದು ಆ ವರ್ಷದ ಸಿಇಟಿ ಕೈತಪ್ಪುತ್ತಿತ್ತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತು.

ಒಂದು ವರ್ಷ ಹೋದದ್ದು ನಿಜ. ಹಿಂದಿರುಗಿ ನೋಡಿದರೆ ಪರೀಕ್ಷೆ-2ರಲ್ಲಿ ಗಣಿತ ಬದಿಗಿಟ್ಟು ಭೌತ, ರಸಾಯನ ಎರಡನ್ನೂ ಮುಗಿಸಿದ್ದರೆ, ಪರೀಕ್ಷೆ-3ಕ್ಕೆ ಗಣಿತ ಒಂದೇ ಉಳಿಯುತ್ತಿತ್ತು. ಕಾಲು ಪಾಲು ಓದಿನಲ್ಲಿ ಏಳು ಅಂಕ ಏರಿದವಳು ಪೂರ್ತಿ ಓದಿನಲ್ಲಿ ಹನ್ನೆರಡು ಏರುತ್ತಿದ್ದಳೇನೋ. ಸ್ಕ್ಯಾನ್ ಪ್ರತಿಯನ್ನು ಪರೀಕ್ಷೆ-1ರ ನಂತರವೇ ತರಿಸಿದ್ದರೆ ‘ಎ’ ವಿಭಾಗದ ತಪ್ಪು ಆಗಲೇ ಸಿಗುತ್ತಿತ್ತು. ಅದಕ್ಕೂ ಹಿಂದೆ ಹೋದರೆ, ಪ್ರಥಮ ಪಿಯುಸಿ ಪ್ರವೇಶದ ದಿನ ನರ್ಸಿಂಗ್‌ಗೆ ಏನೇನು ಬೇಕು ಎಂದು ಯಾರಾದರೂ ಕೇಳಿದ್ದರೆ ಗಣಿತವಿಲ್ಲದ ಸಂಯೋಜನೆ ಇರುವ ಕಾಲೇಜನ್ನು ಹುಡುಕುವ ಮಾತಾದರೂ ಬರುತ್ತಿತ್ತು.

ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿವೆ. ಕನಿಷ್ಠ ಅಂಕ, ಪರೀಕ್ಷೆಗಳ ಸಂಖ್ಯೆ, ಶುಲ್ಕ ಎಲ್ಲವನ್ನೂ ಆಯಾ ಸಾಲಿನ ಮಂಡಳಿಯ ಸುತ್ತೋಲೆಯಲ್ಲೇ ನೋಡಬೇಕು, ಹಿಂದಿನ ವರ್ಷ ಪಾಸಾದವರ ಮಾತಿನ ಮೇಲೆ ಹೋಗಬಾರದು.

ವರ್ಗಾವಣೆ ಪತ್ರವನ್ನು ಅವಳು ಕಾಲೇಜಿನಿಂದ ತೆಗೆದುಕೊಂಡದ್ದು ಸೀಟು ಹಂಚಿಕೆಯ ಆದೇಶ ಕೈಗೆ ಬಂದ ಮರುದಿನ.